ದಾರಿ ತಪ್ಪಿದವನೂ ದಾಳಿಗೆ ಬಂದವನೂ ರಾಡಾರ್‌ಗೆ ಒಂದೇ

ಎಲ್ಲರಿಗೂ ನಮಸ್ಕಾರ. ನನಗೆ ಅರ್ಧ ಗಂಟೆ ಅಂದಿದ್ದರು, ನನಗಿಂತ ಮುಂಚೆ ಮಾತಾಡಿದವರು ಅದರಲ್ಲಿ ಸ್ವಲ್ಪ ತಿಂದುಹಾಕಿದ್ದಾರೆ, ಇರಲಿ. ಮುಂದಿನ ಸಾಲಲ್ಲಿ ಕೂತಿರುವ ಟ್ರೈನಿಗಳಿಗೇ ಈ ಮಾತು ಜಾಸ್ತಿ. ಹಾರಲೇಬಾರದ ಪ್ರೊಹಿಬಿಟೆಡ್ ಏರಿಯಾ ಯಾವುದು, ಷರತ್ತಿನ ಮೇಲೆ ಹಾರಬಹುದಾದ ರಿಸ್ಟ್ರಿಕ್ಟೆಡ್ ಯಾವುದು ಅಂತ ನಾನು ಹೇಳಿಕೊಡಬೇಕಿಲ್ಲ, ಪರೀಕ್ಷೆಗೆ ಬಾಯಿಪಾಠ ಮಾಡಿದ್ದೀರಿ. ನನ್ನ ವಾದ ಒಂದೇ. ಹೋಗಬಾರದ ಆಕಾಶಕ್ಕೆ ಹೋದ ಪೈಲಟ್ ಬಹುತೇಕ ನೆಲದ ಮೇಲಿದ್ದಾಗಲೇ ದಾರಿ ತಪ್ಪಿರುತ್ತಾನೆ, ಇಂಜಿನ್ ಸ್ಟಾರ್ಟ್ ಮಾಡುವ ಮೊದಲೇ.

2005ರ ಮೇ 11. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸ್ಮೋಕ್‌ಟೌನ್ ಅಂತ ಒಂದು ಸಣ್ಣ ಏರ್‌ಪೋರ್ಟ್. ಅಲ್ಲಿಂದ ಇಬ್ಬರು ಸೆಸ್ನಾ 150 ಹತ್ತಿ ನಾರ್ತ್ ಕ್ಯಾರೊಲಿನಾದ ಲಂಬರ್ಟನ್‌ಗೆ ಏರ್‌ಶೋ ನೋಡಲು ಹೊರಟರು. ಒಬ್ಬನಿಗೆ ಲೈಸೆನ್ಸ್ ಇತ್ತು, ಇನ್ನೊಬ್ಬ ನಿಮ್ಮ ಹಾಗೇ ಕಲಿಯುತ್ತಿದ್ದವನು. ಸೆಸ್ನಾ 150 ನಿಮಗೆ ಗೊತ್ತಲ್ಲ, ಎರಡು ಸೀಟು, 100 ಹಾರ್ಸ್‌ಪವರ್, ಇಬ್ಬರು ಕೂತರೆ ಭುಜಕ್ಕೆ ಭುಜ ತಾಗುತ್ತದೆ. ಈ ಎರಡು ಊರಿಗೆ ಮ್ಯಾಪ್ ಮೇಲೆ ಒಂದು ಗೆರೆ ಎಳೆದು ನೋಡಿ. ವಾಷಿಂಗ್ಟನ್ ದಾರಿಯಲ್ಲೇ ಸಿಗುತ್ತದೆ. ಮೊದಲಿನ ಕಾಲವಾಗಿದ್ದರೆ ಚಿಂತೆ ಇರಲಿಲ್ಲ. ಆದರೆ 2001ರ ಸೆಪ್ಟೆಂಬರ್ ದಾಳಿ ಆದಮೇಲೆ ಆ ಊರಿನ ಸುತ್ತ ದೊಡ್ಡ ಬೇಲಿ ಬಿದ್ದಿತ್ತು. ಒಳಗೆ ಬರಬೇಕಾದರೆ ಫ್ಲೈಟ್ ಪ್ಲಾನ್ ಬೇಕು, ರಾಡಾರ್‌ಗೆ ವಿಮಾನದ ಗುರುತು ಹೇಳುವ ಟ್ರಾನ್ಸ್‌ಪಾಂಡರ್‌ಗೆ ಬೇರೆ ಕೋಡ್ ಬೇಕು, ಕಂಟ್ರೋಲರ್ ಜೊತೆ ಮಾತು ಬೇಕು. ಇವರ ಬಳಿ ಯಾವುದೂ ಇರಲಿಲ್ಲ.

ಮಧ್ಯಾಹ್ನದ ಹೊತ್ತು. ಪಾರ್ಲಿಮೆಂಟ್ ಕಟ್ಟಡದಲ್ಲಿ ಪೊಲೀಸರು ‘ಓಡಿ, ಓಡಿ’ ಅಂತ ಕೂಗುತ್ತಿದ್ದಾರೆ. ಸಂಸದರು, ಟೂರಿಸ್ಟ್‌ಗಳು, ಪತ್ರಕರ್ತರು, ಎಲ್ಲರೂ ಬೀದಿಗೆ. ವೈಟ್ ಹೌಸ್‌ನಲ್ಲಿದ್ದ ಅಧ್ಯಕ್ಷರ ಹೆಂಡತಿಯನ್ನು ನೆಲಮಾಳಿಗೆಯ ಬಂಕರ್‌ಗೆ ಕರೆದೊಯ್ದರು. ಅವತ್ತು ಮನೆಗೆ ಅತಿಥಿಯಾಗಿ ಬಂದಿದ್ದ, ಮಾಜಿ ಅಧ್ಯಕ್ಷ ರೇಗನ್ ಅವರ ಹೆಂಡತಿ ನ್ಯಾನ್ಸಿ ರೇಗನ್ ಅವರನ್ನೂ! ಉಪಾಧ್ಯಕ್ಷರನ್ನು ಬೇರೆ ಕಡೆಗೆ ಸಾಗಿಸಿದರು. ಇನ್ನು ಅಧ್ಯಕ್ಷ ಬುಷ್ ಸಾಹೇಬರು ಮೇರಿಲ್ಯಾಂಡ್‌ನಲ್ಲಿ ಸೈಕಲ್ ತುಳಿಯುತ್ತಿದ್ದರು, ಅವರಿಗೆ ವಿಷಯ ಹೇಳಿದ್ದು ಎಲ್ಲ ಮುಗಿದ ಮೇಲೆ. (ನಮ್ಮಲ್ಲಾದರೆ ಯಾರ ಕೆಲಸ ಹೋಗುತ್ತಿತ್ತೋ, ಅದು ಬೇರೆ ಮಾತು.)

ಮೇಲೆ ಏನಾಯಿತು ನೋಡಿ. ಎರಡು ಎಫ್-16 ಬಂದವು, ಒಂದು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಬಂತು. ಎಫ್-16ಗೆ ಸೆಸ್ನಾದಷ್ಟು ನಿಧಾನ ಹಾರಲು ಆಗುವುದಿಲ್ಲ, ಹಾರಿದರೆ ಅದೇ ಬೀಳುತ್ತದೆ. ಹಾಗಾಗಿ ಪಕ್ಕದಲ್ಲಿ ಹಾದುಹೋಗುವುದು, ಸುತ್ತು ಹೊಡೆದು ಮತ್ತೆ ಬರುವುದು, ಎಚ್ಚರಿಕೆಗೆ ಉರಿಯುವ ಫ್ಲೇರ್ ಬಿಡುವುದು. ಸುಮಾರು 3 ಮೈಲಿ ದೂರದಲ್ಲಿ ವೈಟ್ ಹೌಸ್. ಕೊನೆಗೆ ಸೆಸ್ನಾ ತಿರುಗಿತು, ಅದನ್ನು ಫ್ರೆಡರಿಕ್ ಅನ್ನುವ ಊರಲ್ಲಿ ಇಳಿಸಿದರು. ಇಬ್ಬರನ್ನೂ ಕೂರಿಸಿ ವಿಚಾರಿಸಿದರು, ಯಾವ ಕೇಸೂ ಹಾಕದೆ ಬಿಟ್ಟರು, ಯಾಕೆಂದರೆ ಅವರು ನಿಜವಾಗಿಯೂ ದಾರಿ ತಪ್ಪಿದವರು. ಆದರೆ ಲೈಸೆನ್ಸ್ ಇದ್ದವನ ಲೈಸೆನ್ಸ್ ಹೋಯಿತು. ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಕೊಟ್ಟ ಕಾರಣ ಕೇಳಿ: ಹೊರಡುವ ಮುಂಚೆ ಹವಾಮಾನ ನೋಡಿರಲಿಲ್ಲ, ನೋಟಾಮ್, ಅಂದರೆ ಪೈಲಟ್‌ಗಳಿಗೆ ಹೊರಡಿಸುವ ಸೂಚನೆ, ನೋಡಿರಲಿಲ್ಲ. ನಾನು ಹೇಳಿದೆನಲ್ಲ, ನೆಲದ ಮೇಲೇ ತಪ್ಪಿದ್ದು.

ಪಕ್ಕದ ಹೊಲಕ್ಕೆ ನುಗ್ಗಿದ ದನವನ್ನು ಯಾರೂ ‘ಹಸಿದು ಬಂದೆಯಾ, ದಾರಿ ತಪ್ಪಿ ಬಂದೆಯಾ’ ಅಂತ ಕೇಳುವುದಿಲ್ಲ, ದೊಡ್ಡಿಗೆ ಹೊಡೆಯುತ್ತಾರೆ. ರಾಡಾರ್ ಮುಂದೆ ಕೂತವನಿಗೂ ಕಾಣುವುದು ಒಂದು ಚುಕ್ಕೆ ಅಷ್ಟೆ, ಮನಸ್ಸು ಕಾಣಿಸುವುದಿಲ್ಲ.

ಹಾಗಂತ ಎಲ್ಲ ತಪ್ಪೂ ಪೈಲಟ್‌ದೇ ಅಂತ ನಾನು ಹೇಳುತ್ತಿಲ್ಲ. ಅದರ ಹಿಂದಿನ ವರ್ಷ, 2004ರ ಜೂನ್‌ನಲ್ಲಿ, ರೇಗನ್ ಅವರ ಅಂತ್ಯಕ್ರಿಯೆಗೆ ಕೆಂಟಕಿ ಗವರ್ನರ್ ಬರುತ್ತಿದ್ದರು. ಅವರ ವಿಮಾನದ ಟ್ರಾನ್ಸ್‌ಪಾಂಡರ್ ಕೆಟ್ಟಿತ್ತು. ಪೈಲಟ್ ಅದನ್ನು ಕಂಟ್ರೋಲರ್‌ಗೆ ಹೇಳಿದ್ದ, ಬರಲು ಒಪ್ಪಿಗೆಯೂ ಸಿಕ್ಕಿತ್ತು. ಆದರೆ ಭದ್ರತೆ ನೋಡುವವರಿಗೆ ಆ ಮಾತು ತಲುಪಲಿಲ್ಲ. ಅವತ್ತೂ ಅದೇ ಪಾರ್ಲಿಮೆಂಟ್ ಕಟ್ಟಡದಿಂದ ಜನ ಓಡಿದರು. ಅಲ್ಲಿಯೂ ಎಡವಟ್ಟು ಆಗಿದ್ದು ನೆಲದ ಮೇಲೇ, ಒಂದು ಟೇಬಲ್‌ನಿಂದ ಇನ್ನೊಂದು ಟೇಬಲ್‌ಗೆ ಹೋಗುವ ದಾರಿಯಲ್ಲಿ.

ಇವೆಲ್ಲ ನಗುತ್ತಾ ಹೇಳಬಹುದಾದ ಕಥೆಗಳು. 1995ರ ಸೆಪ್ಟೆಂಬರ್ 12ರದ್ದು ಹಾಗಲ್ಲ. ಗೋರ್ಡನ್ ಬೆನೆಟ್ ಬಲೂನ್ ರೇಸ್‌ನಲ್ಲಿದ್ದ ಒಂದು ಗ್ಯಾಸ್ ಬಲೂನ್ ಗಾಳಿ ಕರೆದುಕೊಂಡು ಹೋದ ಕಡೆ ಹೋಗಿ ಬೆಲಾರೂಸ್ ಸೇರಿತು. ಅಲ್ಲಿನ ಸೇನೆಯ ಹೆಲಿಕಾಪ್ಟರ್ ಅದನ್ನು ಹೊಡೆದುರುಳಿಸಿತು. ಇಬ್ಬರು ಅಮೆರಿಕನ್ನರು ಸತ್ತರು. ರೇಸ್ ಬಗ್ಗೆ ಆ ದೇಶಕ್ಕೆ ತಿಂಗಳುಗಳ ಹಿಂದೆಯೇ ತಿಳಿಸಿದ್ದರು.

ಈಗ ಟ್ಯಾಬ್ ಇದೆ, ಜಿಪಿಎಸ್ ಇದೆ, ಇನ್ನೇನು ಭಯ ಅಂತ ಕೇಳುತ್ತೀರಿ. ಜಿಪಿಎಸ್ ನೀವು ಎಲ್ಲಿದ್ದೀರಿ ಅಂತ ಹೇಳುತ್ತದೆ. ಇವತ್ತು ಬೆಳಿಗ್ಗೆ ಯಾವ ಆಕಾಶ ಮುಚ್ಚಿದೆ ಅಂತ ನೀವೇ ನೋಡಬೇಕು. ಅಮೆರಿಕದಲ್ಲಿ ಅಧ್ಯಕ್ಷರು ಹೋದ ಕಡೆಯೆಲ್ಲ ಸಾಮಾನ್ಯವಾಗಿ 30 ನಾಟಿಕಲ್ ಮೈಲಿಯ ನಿರ್ಬಂಧದ ವೃತ್ತ ಅವರ ಜೊತೆಗೇ ಹೋಗುತ್ತದೆ. ನಿನ್ನೆ ಡೌನ್‌ಲೋಡ್ ಮಾಡಿದ ಮ್ಯಾಪ್‌ನಲ್ಲಿ ಅದು ಇರುವುದಿಲ್ಲ. ನೋಟಾಮ್ ಓದುವುದು ಕಷ್ಟ, ಒಪ್ಪುತ್ತೇನೆ. ಎಲ್ಲ ದೊಡ್ಡಕ್ಷರ, ಎಲ್ಲ ಕತ್ತರಿಸಿದ ಪದಗಳು, ಬರೆದವರಿಗೇ ಸಿಟ್ಟು ಬಂದು ಬರೆದ ಹಾಗಿರುತ್ತದೆ. ಅದನ್ನು ಮನುಷ್ಯರ ಭಾಷೆಗೆ ತರಬೇಕು ಅಂತ ನಾನೂ ಹೇಳುತ್ತಲೇ ಇದ್ದೇನೆ. ತರುವ ತನಕ ಓದಲೇಬೇಕು.

ಜಕ್ಕೂರಿನಲ್ಲಿ ಕಲಿಯುವವರಿಗೆ ಇದು ದೂರದ ಮಾತಲ್ಲ. ಕೆಲವೇ ಕಿಲೋಮೀಟರ್ ಆಚೆ ಯಲಹಂಕ ವಾಯುನೆಲೆ, ಅದರಾಚೆ ದೇವನಹಳ್ಳಿ, ಇನ್ನೊಂದು ಕಡೆ ಎಚ್‌ಎಎಲ್. ಯಲಹಂಕದಲ್ಲಿ ಏರೋ ಇಂಡಿಯಾ ಏರ್‌ಶೋ ಬಂದರೆ ದೇವನಹಳ್ಳಿಯ ದೊಡ್ಡ ವಿಮಾನಗಳೇ ಗಂಟೆಗಟ್ಟಲೆ ಕಾಯುತ್ತವೆ. ಇಲ್ಲಿ ಕಲಿತವನಿಗೆ ಕೇಳುವ ಅಭ್ಯಾಸ ಬಂದರೆ ಸಾಕು. ಸಂಶಯ ಬಂದರೆ ರೇಡಿಯೋದಲ್ಲಿ ಕೇಳಿ, ಕಂಟ್ರೋಲರ್ ಬೈದರೆ ಬೈಸಿಕೊಳ್ಳಿ.

ಚೀಟಿ ಬಂತು, ಐದು ನಿಮಿಷ ಅಂತೆ. ನಿಮ್ಮನ್ನು ತಡೆಯಲು ಬಂದ ಫೈಟರ್ ಕೊಡುವ ಇಂಟರ್‌ಸೆಪ್ಟ್ ಸಿಗ್ನಲ್ ಬಗ್ಗೆ ಸ್ಲೈಡ್ ಇತ್ತು, ಬಿಡಿ. ಫೈಟರ್ ರೆಕ್ಕೆ ಅಲ್ಲಾಡಿಸಿದರೆ ನೀವೂ ಅಲ್ಲಾಡಿಸಿ, ಅದರ ಹಿಂದೆ ಹೋಗಿ, ರೇಡಿಯೋದಲ್ಲಿ ತುರ್ತು ಫ್ರೀಕ್ವೆನ್ಸಿ 121.5ಕ್ಕೆ ಬನ್ನಿ, ಜಾಣತನ ಬೇಡ. ಡ್ರೋನ್ ವಿಷಯ ಒಂದೇ ಮಾತು: 2021ರ ನಿಯಮದಲ್ಲಿ ಹಸಿರು, ಹಳದಿ, ಕೆಂಪು ಅಂತ ವಲಯಗಳಿವೆ, ಹಸಿರಲ್ಲಿ 400 ಅಡಿ ತನಕ ಅನುಮತಿ ಬೇಡ, ಕೆಂಪಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಇನ್ನು ನಿಮ್ಮ ಪ್ರಶ್ನೆಗಳು. ಕಸಿನ್ ಮದುವೆಗೆ ಛತ್ರದ ಮೇಲೆ ಡ್ರೋನ್ ಹಾರಿಸಬಹುದಾ ಅಂತ ಮಾತ್ರ ನನ್ನ ಕೇಳಬೇಡಿ, ಈ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪ್ ತೆರೆದು ನೋಡಿ.