ನೆರಿಗೆಯೊಳಗಿನ ರೊಟ್ಟಿ ಚೂರು

ಕೇಳುಗರಿಗೆ ನಮಸ್ಕಾರ. ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿಯಿತೆಂದರೆ ಹಗ್ಗದ ಮೇಲಿನ ಅರಿವೆ ಮೂರು ದಿನವಾದರೂ ಆರುವುದಿಲ್ಲ. ಅರಿವೆಗಾದರೆ ಇಸ್ತ್ರಿ ತಿಕ್ಕಬಹುದು. ನಮ್ಮ ಭೀಮನ ಮುಖಕ್ಕೆ ಏನು ಮಾಡುವುದು?

ಭೀಮ ನಮ್ಮ ಮನೆಯ ನಾಯಿ, ಫ್ರೆಂಚ್ ಮಾಸ್ಟಿಫ್. ಫ್ರಾನ್ಸಿನ ಬೋರ್ಡೊ ಊರಿನ ಹೆಸರು ಹೊತ್ತ ತಳಿ. ಗಂಡು ಕನಿಷ್ಠ 50 ಕಿಲೋ ತೂಗಬೇಕೆಂದು ಲೆಕ್ಕ. ನಮ್ಮ ಮುಧೋಳದ ನಾಯಿಯ ಚರ್ಮ ಅಳತೆ ತೆಗೆದು ಹೊಲಿದಷ್ಟು ಬಿಗಿ. ಭೀಮನದು ಅಣ್ಣನ ಅಂಗಿ ತಮ್ಮ ಹಾಕಿಕೊಂಡ ಹಾಗೆ. ಕೂದಲು ಗಿಡ್ಡ, ಆರೈಕೆ ಕಡಿಮೆ ಎಂದುಕೊಂಡೇ ತಂದಿದ್ದೆವು. ಮೈಯ ಮಟ್ಟಿಗೆ ಅದು ನಿಜ: ವಾರಕ್ಕೆರಡು ಸಲ ರಬ್ಬರ್ ಬ್ರಷ್ ಎಳೆದರೆ ಆಯಿತು. ಕೆಲಸವೆಲ್ಲ ಮುಖದ ನೆರಿಗೆಗಳಲ್ಲಿದೆ.

ಕಳೆದ ಶ್ರಾವಣದಲ್ಲಿ ಅವನು ಹತ್ತಿರ ಬಂದರೆ ಹಳಸಿದ ಮಜ್ಜಿಗೆಯ ವಾಸನೆ. ನಮ್ಮ ಸಾಬೂನನ್ನೇ ಹಚ್ಚಿ ಮೈ ತೊಳೆದೆವು. ಎರಡು ದಿನಕ್ಕೆ ಮತ್ತೆ ಅದೇ. "ಅರಿಷಿಣ ಎಣ್ಯಾಗ ಕಲಸಿ ಹಚ್ಚೋ, ಎಲ್ಲಾ ಹೋಗತೈತಿ" ಅಂದಳು ಅವ್ವ. ಹಚ್ಚಿದೆ. ಅವನು ಮುಖ ಉಜ್ಜಿ ಉಜ್ಜಿ ಪಡಸಾಲೆಯ ಗೋಡೆಯೆಲ್ಲ ಹಳದಿ. ಕೊನೆಗೆ ದನದ ದವಾಖಾನೆಗೆ ಒಯ್ದೆ. ಡಾಕ್ಟರು ಮೂಗಿನ ಮೇಲಿನ ದಪ್ಪ ನೆರಿಗೆಯನ್ನು ಎರಡೂ ಹೆಬ್ಬೆರಳಿನಿಂದ ಬಿಡಿಸಿದರು. ಒಳಗೆ ಚರ್ಮ ಕೆಂಪಗೆ ಒದ್ದೆ, ಮೇಲೆ ಕಂದು ಜಿಡ್ಡು, ನಡುವೆ ನೆನೆದು ಉಬ್ಬಿದ ಜೋಳದ ರೊಟ್ಟಿಯ ಚೂರು. "ಇದು ಯಾವತ್ತಿನ ರೊಟ್ಟೀರಿ?" ಅಂತ ಕೇಳಿದರು. ನನಗೆ ತಲೆ ಎತ್ತಲಾಗಲಿಲ್ಲ.

ನೆರಿಗೆಯ ಎರಡು ಮಗ್ಗಲು ಒಂದನ್ನೊಂದು ತಿಕ್ಕುತ್ತವೆ. ಜೊಲ್ಲು, ಕಣ್ಣೀರು, ಮಳೆನೀರು ಅಲ್ಲೇ ನಿಲ್ಲುತ್ತದೆ, ಗಾಳಿ ಆಡುವುದಿಲ್ಲ. ಚರ್ಮದ ಮೇಲೆ ತಮ್ಮ ಪಾಡಿಗಿದ್ದ ಬ್ಯಾಕ್ಟೀರಿಯಾ, ಮಲಸೀಜಿಯಾ ಎಂಬ ಯೀಸ್ಟ್ (ಬೂಷ್ಟಿನ ಜಾತಿಯ ಸೂಕ್ಷ್ಮಜೀವಿ) ಆಗ ಹೆಚ್ಚಿಕೊಳ್ಳುತ್ತವೆ. ವಾಸನೆ ಅವುಗಳದು. ನಾನು ಹಚ್ಚಿದ ಎಣ್ಣೆ ಅದಕ್ಕೆ ಮುಚ್ಚಳ ಹಾಕಿದ ಹಾಗಾಗಿತ್ತು. ಸಾಬೂನೂ ತಪ್ಪೇ, ನಾಯಿಯ ಚರ್ಮ ನಮ್ಮದಕ್ಕಿಂತ ತೆಳು, ನಮ್ಮ ಸಾಬೂನಿಗೆ ಒಣಗಿ ತುರಿಕೆ ಏಳುತ್ತದೆ. ನಾಯಿಯ ಶಾಂಪೂವೇ ಬೇಕು.

ಈಗ ದಿನಾ ಅವನ ಊಟವಾದ ಮೇಲೆ ನೆರಿಗೆ ಬಿಡಿಸಿ, ಹಿಂಡಿದ ಬಟ್ಟೆಯಿಂದ ಒರೆಸುತ್ತೇನೆ. ಡಾಕ್ಟರು ಬರೆದುಕೊಟ್ಟ ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕು ತಡೆಯುವ ಔಷಧ ಹಚ್ಚುವ ದಿನ ಕಣ್ಣಿಗೆ ತಾಗದಂತೆ ಎಚ್ಚರ. ಆಮೇಲೆ ಒಣ ಬಟ್ಟೆ. ಅವಸರ ಮಾಡುವುದು ಇಲ್ಲೇ ನೋಡಿ. ಒರೆಸಿ ಒದ್ದೆ ಬಿಡುವುದಕ್ಕಿಂತ ಮುಟ್ಟದಿರುವುದೇ ವಾಸಿ. ಹಳೆಯ ಧೋತರದ ತುಂಡಿನಷ್ಟು ಒಳ್ಳೆಯದು ಇನ್ನೊಂದಿಲ್ಲ, ಹೊಸ ಟವೆಲ್ ಎಳೆ ಬಿಡುತ್ತದೆ. ಪೌಡರ್ ಬೇಡ, ತೇವಕ್ಕೆ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತದೆ. ನಾವು ಹಚ್ಚಿಕೊಳ್ಳುವ ಝಿಂಕ್ ಮುಲಾಮಂತೂ ಬೇಡವೇ ಬೇಡ. ನಾಯಿ ನೆಕ್ಕಿದರೆ ವಿಷ. ಕೀವು, ರಕ್ತ ಕಂಡರೆ ಮನೆಮದ್ದು ಮಾಡುತ್ತ ಕೂಡಬೇಡಿ, ಡಾಕ್ಟರ ಕಡೆ ಹೋಗಿ.

ಇನ್ನೊಂದು ಮಾತು. ಇಷ್ಟು ಭಾರದ ನಾಯಿ ಶಹಾಬಾದ ಕಲ್ಲಿನ ಮೇಲೆ ಮಲಗಿ ಮಲಗಿ ಮೊಣಕೈ ಚರ್ಮ ಕಪ್ಪಾಗಿ ಗಡುಸಾಗುತ್ತದೆ, ಒಮ್ಮೊಮ್ಮೆ ಒಡೆಯುತ್ತದೆ. ಮೆತ್ತಗಿನದು ಏನಾದರೂ ಹಾಸಬೇಕು. ಅವ್ವ ಬೈಯುತ್ತಲೇ ತನ್ನ ಹಳೆ ಸೀರೆಗಳ ಕೌದಿ ಕೊಟ್ಟಳು. ಭೀಮ ಈಗ ಉಂಡ ಕೂಡಲೇ ನನ್ನ ಹತ್ತಿರ ಬರುವುದಿಲ್ಲ. ಆ ಕೌದಿಯ ಮೇಲೆ ಹೋಗಿ ಅವ್ವನ ತೊಡೆಗೆ ಗದ್ದ ಇಡುತ್ತಾನೆ. ಅವಳು ಚಸ್ಮಾ ಏರಿಸಿಕೊಂಡು, ನೆರಿಗೆ ಬಿಡಿಸಿ, ರೊಟ್ಟಿ ಹುಡುಕುತ್ತಾಳೆ. ನಮಸ್ಕಾರ.