ಪವರ್ ಬ್ಯಾಂಕ್ ಮೇಲಿನ 10000 ಎಂಎಎಚ್ ಅಂದರೆ ಎಷ್ಟು ಕೂಲಂಬ್?

ಈ ಪವರ್ ಬ್ಯಾಂಕ್ ನೋಡಿ. ಮುಂದೆ ದಪ್ಪ ಅಕ್ಷರದಲ್ಲಿ 10000 ಎಂಎಎಚ್. ತಿರುಗಿಸಿದರೆ, ಕಣ್ಣು ಕಿರಿದು ಮಾಡಿಕೊಂಡು ಓದಬೇಕಾದಷ್ಟು ಸಣ್ಣದಾಗಿ, 3.7 ವೋಲ್ಟ್, 37 ವ್ಯಾಟ್ ಅವರ್. ಎಲ್ಲರೂ ಮುಂದಿನದನ್ನು ನೋಡಿ ದುಡ್ಡು ಕೊಡುತ್ತಾರೆ, ಕೆಲಸಕ್ಕೆ ಬರುವುದು ಹಿಂದಿನದು. ಯಾಕೆ ಅಂತ ಹೇಳುತ್ತೇನೆ, ಮೊದಲು ಸ್ವಲ್ಪ ಲೆಕ್ಕ.

ಎಂಎಎಚ್ ಅಂದರೆ ಮಿಲಿಆಂಪಿಯರ್ ಅವರ್. ಹತ್ತನೇ ಕ್ಲಾಸಿನಲ್ಲಿ ಕೂಲಂಬ್ ಅಂತ ಓದಿದ್ದೆವಲ್ಲ, ಎರಡೂ ಅಳೆಯುವುದು ಒಂದನ್ನೇ: ಚಾರ್ಜ್. ಒಂದು ಆಂಪಿಯರ್ ಕರೆಂಟ್ ಒಂದು ಸೆಕೆಂಡ್ ಹರಿದರೆ ಒಂದು ಕೂಲಂಬ್. ಅದೇ ಕರೆಂಟ್ ಒಂದು ಗಂಟೆ ಹರಿದರೆ 3600 ಕೂಲಂಬ್, ಗಂಟೆಗೆ ಅಷ್ಟು ಸೆಕೆಂಡ್ ಇದೆ ಅಲ್ವಾ. ಮಿಲಿ ಅಂದರೆ ಸಾವಿರದಲ್ಲೊಂದು ಪಾಲು, ಹಾಗಾಗಿ ಒಂದು ಎಂಎಎಚ್‌ಗೆ 3.6 ಕೂಲಂಬ್. ಮುಗೀತು. ಈ ಪವರ್ ಬ್ಯಾಂಕಿನ 10000 ಎಂಎಎಚ್ ಅಂದರೆ 36,000 ಕೂಲಂಬ್. ನಿಮ್ಮ 5000 ಎಂಎಎಚ್ ಫೋನ್ 18,000 ಕೂಲಂಬ್. ಮನೆಯ ಇನ್ವರ್ಟರ್‌ನ 150 ಎಎಚ್ (ಆಂಪಿಯರ್ ಅವರ್) ಬ್ಯಾಟರಿ 5,40,000. ಎಲೆಕ್ಟ್ರಾನ್ ಲೆಕ್ಕದಲ್ಲೇ ಬೇಕು ಅನ್ನುವವರಿಗೆ, ಒಂದು ಕೂಲಂಬ್ ಅಂದರೆ 624ರ ಮುಂದೆ 16 ಸೊನ್ನೆ, ಹೆಚ್ಚು ಕಡಿಮೆ ಅಷ್ಟು ಎಲೆಕ್ಟ್ರಾನ್.

ಈಗ ಮಜಾ ನೋಡಿ. ಸಾಮಾನ್ಯ ಸಿಡಿಲೊಂದು ನೆಲಕ್ಕೆ ಇಳಿಸುವ ಚಾರ್ಜ್ ಸುಮಾರು 15ರಿಂದ 20 ಕೂಲಂಬ್. ಜೇಬಿನಲ್ಲಿರುವ ಫೋನಿನದು ಅದರ ಸಾವಿರ ಪಟ್ಟು! ಆದರೂ ಸಿಡಿಲು ತೆಂಗಿನ ಮರವನ್ನು ಸೀಳಿ ಹಾಕುತ್ತದೆ, ಫೋನ್ ಸುಮ್ನೆ ಜೇಬಲ್ಲಿ ಕೂತಿರುತ್ತದೆ. ಯಾಕೆಂದರೆ ಫೋನಿನ ಬ್ಯಾಟರಿ ಆ ಚಾರ್ಜನ್ನು ನಾಲ್ಕು ವೋಲ್ಟ್‌ನ ಆಸುಪಾಸಿನಲ್ಲಿ, ಗಂಟೆಗಟ್ಟಲೆ, ನಿಧಾನಕ್ಕೆ ಹರಿಸುತ್ತದೆ. ಸಿಡಿಲು ಕೋಟಿಗಟ್ಟಲೆ ವೋಲ್ಟ್‌ನಲ್ಲಿ, ಕಣ್ಣು ಮಿಟುಕಿಸುವುದರೊಳಗೆ ಮುಗಿಸಿಬಿಡುತ್ತದೆ. ಎಷ್ಟು ಕೂಲಂಬ್ ಅಂತ ಗೊತ್ತಾದರೆ ಸಾಲದು, ಎಷ್ಟು ವೋಲ್ಟ್‌ನಲ್ಲಿ ಅಂತಲೂ ಕೇಳಬೇಕು.

10000 ಎಂಎಎಚ್ ಅಂತ ಬರೆದು ಅಷ್ಟು ಕೊಡುವುದಿಲ್ಲ ಅನ್ನುವ ಪವರ್ ಬ್ಯಾಂಕ್ ಜಗಳ ಪೂರ್ತಿ ಇದೇ. 10000 ಎಂಎಎಚ್ ಅಂತ ಬರೆದಿರುವುದು ಒಳಗಿನ ಸೆಲ್‌ನ ಲೆಕ್ಕ, 3.7 ವೋಲ್ಟ್‌ನಲ್ಲಿ. ಯುಎಸ್‌ಬಿಯಿಂದ ಹೊರಗೆ ಬರುವಾಗ 5 ವೋಲ್ಟ್. ಶಕ್ತಿ, ಅಂದರೆ ಚಾರ್ಜ್ ಗುಣಿಸು ವೋಲ್ಟ್, ಎರಡೂ ಕಡೆ ಅಷ್ಟೇ, 37 ವ್ಯಾಟ್ ಅವರ್. ವೋಲ್ಟ್ ಏರಿದರೆ ಎಂಎಎಚ್ ಇಳಿಯಲೇಬೇಕು. 37 ಭಾಗಿಸು 5, 7.4 ಆಂಪಿಯರ್ ಅವರ್, ಅಂದರೆ 7400 ಎಂಎಎಚ್. ಬಿಸಿಯಾಗಿ ಹೋಗುವುದನ್ನು ಕಳೆದರೆ ಇನ್ನೂ ಕಡಿಮೆ. ಎಷ್ಟೋ ಪವರ್ ಬ್ಯಾಂಕ್‌ಗಳ ಹಿಂದೆ ರೇಟೆಡ್ ಕೆಪಾಸಿಟಿ ಅಂತ ಚಿಕ್ಕದಾಗಿ ಬರೆದಿರುವುದು ಇದನ್ನೇ. ಇದನ್ನು ಓದದೆ ಅಂಗಡಿಯವನು ಟೋಪಿ ಹಾಕಿದ ಅಂತ ಬೈಯುವವರು ಜಾಸ್ತಿ. ಟೋಪಿ ಅಲ್ಲ, ಆದರೆ ದೊಡ್ಡ ನಂಬರನ್ನೇ ದೊಡ್ಡದಾಗಿ ಬರೆಯುವ ಜಾಣತನ ಅಂತೂ ಹೌದು.

ವಿಮಾನದವರು ಎಂಎಎಚ್ ಅಲ್ಲ, ವ್ಯಾಟ್ ಅವರ್ ಕೇಳುತ್ತಾರೆ. ಸಾಮಾನ್ಯವಾಗಿ 100ರ ತನಕ ವಿಶೇಷ ಅನುಮತಿ ಬೇಕಿಲ್ಲ. ಅದನ್ನು ಬರೆದಿಲ್ಲದಿದ್ದರೆ ಎಂಎಎಚ್ ಅನ್ನು 3.7ರಿಂದ ಗುಣಿಸಿ, ಸಾವಿರದಿಂದ ಭಾಗಿಸಿ. 20000ದ್ದು 74 ಬರುತ್ತದೆ. ಚೆಕ್-ಇನ್ ಲಗೇಜಿಗೆ ಮಾತ್ರ ಹಾಕಬೇಡಿ, ಕೈಚೀಲದಲ್ಲೇ ಇರಲಿ.