ಕ್ರಿಯಾಪದಕ್ಕೊಂದು ಜೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮದ ಮಕ್ಕಳೇ, ಅಡಿಕೆ ಸುಲಿಯುತ್ತಾ ರೇಡಿಯೋ ಹಾಕಿ ಕೂತಿರುವ ಅವರ ಅಪ್ಪ ಅಮ್ಮಂದಿರೇ, ಇವತ್ತು ನಾನು ಹೇಳಲಿಕ್ಕಿರುವುದು ಒಂದೇ ಸಂಗತಿ. ಇಂಗ್ಲಿಷಿನ ಕ್ರಿಯಾಪದವನ್ನು ಒಂಟಿಯಾಗಿ ಕಲಿಯಬೇಡಿ. ಅದರ ಬೆನ್ನಿಗೆ ಏನು ಬರುತ್ತದೋ ಅದರ ಜೊತೆಗೇ ಕಲಿಯಿರಿ.

ಮನೆಯಲ್ಲಿ ತುಳು, ತರಗತಿಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಮಾತಾಡುವ ನಮ್ಮ ಮಕ್ಕಳಿಗೆ ಇನ್ನೊಂದು ಭಾಷೆ ಭಾರವಲ್ಲ. ಎಡವುವುದು ಜೋಡಿಯಲ್ಲಿ. ನಮ್ಮ ಕಡೆಯ ಮಾತಿನಲ್ಲಿ ‘ಲಿಕ್ಕೆ’ ಇದೆಯಲ್ಲ, ಅದು ಎಲ್ಲ ಕಡೆಗೂ ಸಲ್ಲುತ್ತದೆ. ಹೋಗಲಿಕ್ಕುಂಟು. ಹೋಗಲಿಕ್ಕೆ ಬಿಡಿ. ಈಜಲಿಕ್ಕೆ ಬರುತ್ತದೆ. ಇಂಗ್ಲಿಷಿನಲ್ಲಿ ಈ ಮೂರಕ್ಕೆ ಮೂರು ದಾರಿ. ‘ಐ ಹ್ಯಾವ್ ಟು ಗೋ’, ಇಲ್ಲಿ ಟು ಬೇಕು. ‘ಲೆಟ್ ಮಿ ಗೋ’, ಇಲ್ಲಿ ಟು ಬೇಡ. ‘ಐ ನೋ ಹೌ ಟು ಸ್ವಿಮ್’, ಇಲ್ಲಿ ಟು ಸಾಲದು, ಹೌ ಕೂಡ ಬೇಕು. ಇನ್ನು ‘ಪುಸ್ತಕ ಕೊಳ್ಳಲಿಕ್ಕೆ ಬಂದೆ’ ಅನ್ನುವಾಗ ಕೊನೆಯ ‘ಕ್ಕೆ’ಯನ್ನು ಹಿಡಿದುಕೊಂಡು ಫಾರ್ ನುಗ್ಗಿಬಿಡುತ್ತದೆ, ‘ಐ ಕೇಮ್ ಫಾರ್ ಬೈ ಎ ಬುಕ್’ ಅಂತ. ಫಾರ್ ಬೇಡವೇ ಬೇಡ. ‘ಐ ಕೇಮ್ ಟು ಬೈ ಎ ಬುಕ್.’

ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ‘ಟು ಗೋ’, ‘ಗೋ’ ಇಂಥ ರೂಪಗಳಿಗೆ ವ್ಯಾಕರಣದಲ್ಲಿ ಇನ್ಫಿನಿಟಿವ್ ಅನ್ನುತ್ತಾರೆ. ಅದರ ವ್ಯಾಖ್ಯೆಯನ್ನು ಮಕ್ಕಳಿಂದ ಉರು ಹೊಡೆಸಬೇಡಿ. ವ್ಯಾಖ್ಯೆಯನ್ನು ತಪ್ಪಿಲ್ಲದೆ ಒಪ್ಪಿಸಿದ ಹುಡುಗಿಯೇ ಮರುಗಳಿಗೆ ‘ಮೈ ಮದರ್ ಮೇಡ್ ಮಿ ಟು ಸ್ಟಡಿ’ ಅನ್ನುತ್ತಾಳೆ. ‘ಮೇಡ್ ಮಿ ಸ್ಟಡಿ’ ಅನ್ನುವ ಜೋಡಿ ಅವಳ ಕಿವಿಗೆ ಬಿದ್ದೇ ಇಲ್ಲ.

ಜೋಡಿ ತಪ್ಪಿದರೆ ಏನಾಗುತ್ತದೆ, ಕೇಳಿ. ನನ್ನ ಮಾವ ಹೊಗೆಸೊಪ್ಪು ಹಾಕಿ ಎಲೆಯಡಿಕೆ ತಿನ್ನುವವರು. ಬಹಳ ಕಷ್ಟಪಟ್ಟು ಆ ಅಭ್ಯಾಸ ಬಿಟ್ಟರು. ಹೊಟ್ಟೆನೋವೆಂದು ಅವರನ್ನು ಮಂಗಳೂರಿಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಉತ್ತರದ ಕಡೆಯವರು, ಕನ್ನಡ ಬಾರದು. ಹೊಗೆಸೊಪ್ಪು ತಿನ್ನುತ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮಾವ ಬೆನ್ನು ನೆಟ್ಟಗೆ ಮಾಡಿ, ‘ಐ ಸ್ಟಾಪ್ಡ್ ಟು ಚ್ಯೂ’ ಅಂದರು. ತಿನ್ನಲಿಕ್ಕೆಂದು ನಿಂತೆ, ಅಂತ ಅದರ ಅರ್ಥ! ಹಲ್ಲಿನ ಕೆಂಪು ಬೇರೆ ಇನ್ನೂ ಹೋಗಿರಲಿಲ್ಲ. ಡಾಕ್ಟರು ಟಾರ್ಚು ಹಿಡಿದು ಬಾಯಿ ನೋಡಿದರು, ಚೀಟಿಯಲ್ಲಿ ಏನೋ ಬರೆದರು, ಬಾಯಿಯ ಕ್ಯಾನ್ಸರಿನ ಬಗ್ಗೆ ಹೇಳುತ್ತಲೇ ಹೋದರು. ಮಾವನ ಮುಖ ಸಣ್ಣಗಾಯಿತು. ‘ಬಿಟ್ಟಿದ್ದೇನೆ ಅಂತ ಹೇಳಿದೆನಲ್ಲ ಮಾರಾಯ, ಇವರು ಯಾಕೆ ಬೈಯುವುದು?’ ಎಂದು ನನ್ನ ಕಡೆ ತಿರುಗಿದರು. ‘ಸರ್, ಹಿ ಸ್ಟಾಪ್ಡ್ ಚ್ಯೂಯಿಂಗ್’ ಅಂದೆ. ಡಾಕ್ಟರು ನಕ್ಕು, ಬರೆದದ್ದರ ಮೇಲೆ ಗೀಟು ಎಳೆದು, ಮಾವನ ಕೈ ಕುಲುಕಿದರು. ಎಂಥ ಸಾಧನೆ ಅದು! ಒಂದು ಟು ಅದನ್ನು ಮುಚ್ಚಿಹಾಕಿತ್ತು.

ಇಲ್ಲಿ ನಮ್ಮ ಕನ್ನಡವೇ ಕೈಹಿಡಿಯುತ್ತದೆ. ‘ತಿನ್ನುವುದನ್ನು ನಿಲ್ಲಿಸಿದೆ’ ಅಂದರೆ ಚ್ಯೂಯಿಂಗ್. ‘ತಿನ್ನಲಿಕ್ಕೆ ನಿಂತೆ’ ಅಂದರೆ ಟು ಚ್ಯೂ. ರಿಮೆಂಬರ್ ಕೂಡ ಹೀಗೆಯೇ. ಬೀಗ ಹಾಕಲಿಕ್ಕೆ ನೆನಪಿರಲಿ ಅನ್ನಲು ‘ರಿಮೆಂಬರ್ ಟು ಲಾಕ್’. ಹಾಕಿದ್ದು ನೆನಪಿದೆ ಅನ್ನಲು ‘ಐ ರಿಮೆಂಬರ್ ಲಾಕಿಂಗ್’.

ಹೊತ್ತು ಮೀರುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ವಾಂಟ್, ಹೋಪ್, ಡಿಸೈಡ್, ಪ್ಲಾನ್ ಆದಮೇಲೆ ಟು. ಎಂಜಾಯ್, ಫಿನಿಶ್, ಅವಾಯ್ಡ್ ಆದಮೇಲೆ ಇಂಗ್. ನಾಮಪದಕ್ಕೂ ಜೋಡಿ ಉಂಟು. ಮಾತ್ರೆಯನ್ನು ನಾವು ತಿನ್ನುತ್ತೇವೆ, ಇಂಗ್ಲಿಷಿನಲ್ಲಿ ಟೇಕ್. ಕನಸು ನಮಗೆ ಬೀಳುತ್ತದೆ, ಅವರಿಗೆ ‘ಹ್ಯಾಡ್ ಎ ಡ್ರೀಮ್’. ತಪ್ಪಿಗೆ ಮೇಕ್, ಹೋಂವರ್ಕಿಗೆ ಡು. ಯಾಕೆ ಹೀಗೆ ಎಂದು ಕೇಳುತ್ತಾ ಕೂರಬೇಡಿ, ಜೋಡಿಯಾಗಿ ಬರೆದು ಗಟ್ಟಿಯಾಗಿ ಓದಿ.

ಗಲ್ಫಿಗೋ ಬೆಂಗಳೂರಿಗೋ ಅರ್ಜಿ ಹಾಕುವವರು ಈ ಸಾಲನ್ನು ಇವತ್ತೇ ಗುರುತು ಮಾಡಿಕೊಳ್ಳಿ: ‘ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು’. ಟು ಇದ್ದರೂ ಇಲ್ಲಿ ಹಿಯರ್ ಅಲ್ಲ, ಹಿಯರಿಂಗ್. ನಮಸ್ಕಾರ.